ದೋಸೆ ಹಾಕುವವರು ಕೂರುವುದು ಯಾವಾಗ?

ಮಂಡಿ ಮೊಹಲ್ಲಾದಿಂದ ಉದಯಗಿರಿಯವರೆಗೆ ಹೋಟೆಲುಗಳ ಬೋರ್ಡುಗಳನ್ನು ಓದುತ್ತಾ ಬನ್ನಿ. ‘ಫ್ಯಾಮಿಲಿ ರೆಸ್ಟೋರೆಂಟ್’, ‘ಫ್ಯಾಮಿಲಿ ರೂಮ್ ಇದೆ’, ‘ಮಹಡಿಯ ಮೇಲೆ ಫ್ಯಾಮಿಲಿಗೆ ಅವಕಾಶ’. ಈ ಮಾತು ಎಷ್ಟು ಕಡೆ ಇದೆ ಎಂದರೆ ಅದರ ಅರ್ಥವೇನೆಂದು ಯಾರೂ ಕೇಳುವುದಿಲ್ಲ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಬೋರ್ಡು ಕಂಡರೆ ಅದರ ಹಿಂದೆ ಯಾವ ಲೈಸೆನ್ಸ್, ಯಾವ ತೆರಿಗೆ ಇದೆ ಎಂದು ನೋಡುವ ಅಭ್ಯಾಸ ಬಂದುಬಿಟ್ಟಿದೆ. ಆದರೆ ಆಹಾರ ಪರವಾನಗಿಯಲ್ಲಾಗಲಿ ಜಿಎಸ್‌ಟಿಯಲ್ಲಾಗಲಿ ‘ಫ್ಯಾಮಿಲಿ’ ಎಂಬ ಬೇರೆ ವರ್ಗವೇ ಇಲ್ಲ. ಹಾಗಾದರೆ ಆ ಪದ ಬೋರ್ಡಿನ ಮೇಲೆ ಏನು ಮಾಡುತ್ತಿದೆ?

ನನ್ನ ಮಾಮೂ ಹದಿನೆಂಟು ವರ್ಷಗಳಿಂದ ಈ ಊರಿನ ಹೋಟೆಲುಗಳಲ್ಲಿ ಬಾವರ್ಚಿ. ಅವರನ್ನು ಕೇಳಿದಾಗ ಒಂದೇ ಮಾತಿನಲ್ಲಿ ಉತ್ತರ ಬಂತು: “ಹೆಂಗಸರು ಕೂತು ಉಣ್ಣೋ ಜಾಗ ಅಂತ ಅರ್ಥ, ಬೇಟಿ.” ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಹೆಚ್ಚುಕಡಿಮೆ ಅದೇ. ಆದರೆ ಆ ಮಾತಿನೊಳಗೆ ಇತಿಹಾಸ, ಅಡುಗೆಮನೆಯ ಲೆಕ್ಕ, ಬಿಲ್ಲಿನ ಲೆಕ್ಕ ಎಲ್ಲವೂ ಅಡಗಿವೆ. ಒಂದೊಂದಾಗಿ ಬಿಡಿಸುತ್ತೇನೆ.

ಮೊದಲು ‘ರೆಸ್ಟೋರೆಂಟ್’ ಎಂಬ ಪದ. ಇದು ಫ್ರೆಂಚ್ ಭಾಷೆಯದು. ಮೂಲದಲ್ಲಿ ‘ಚೇತರಿಕೆ ಕೊಡುವಂಥದ್ದು’ ಎಂದು ಅರ್ಥ. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಅದು ಅಂಗಡಿಯ ಹೆಸರಾಗಿರಲಿಲ್ಲ, ಮಾಂಸ ಮತ್ತು ಮೂಳೆಯನ್ನು ಬಹಳ ಹೊತ್ತು ಕುದಿಸಿ ಮಾಡಿದ ಸಾರಿನ ಹೆಸರಾಗಿತ್ತು. ನಿಶ್ಶಕ್ತರಾದವರಿಗೆ, ಭಾರಿ ಊಟ ಜೀರ್ಣಿಸಿಕೊಳ್ಳಲಾಗದವರಿಗೆ ಅದನ್ನು ಕೊಡುತ್ತಿದ್ದರು. ಆಮೇಲೆ ಸಾರಿನ ಹೆಸರು ಅದನ್ನು ಮಾರುವ ಜಾಗಕ್ಕೂ ಅಂಟಿಕೊಂಡಿತು. ನಮ್ಮ ಮನೆಗಳಲ್ಲಿ ಬಾಣಂತಿಗೂ ಜ್ವರ ಬಿಟ್ಟವರಿಗೂ ಕೊಡುವ ಪಾಯಾ ನೆನಪಾಯಿತೇ? ಹಾಗೆ ನೋಡಿದರೆ ಬೆಳಗಿನ ಜಾವ ಪಾಯಾ ಮಾರುವ ಸಣ್ಣ ಹೋಟೆಲೇ ನಮ್ಮ ಊರಿನ ಅತ್ಯಂತ ಅಸಲಿ ರೆಸ್ಟೋರೆಂಟ್.

ಮನಸ್ಸಿಗೆ ಹಿತ ಕೊಡುವ ಊಟವನ್ನು ಇಂಗ್ಲಿಷಿನಲ್ಲಿ ‘ಕಂಫರ್ಟ್ ಫುಡ್’ ಎನ್ನುತ್ತಾರೆ. ಮೈಸೂರಿನಲ್ಲಿ ಇದು ಮನೆಯಿಂದ ಮನೆಗೆ ಬೇರೆ. ಒಬ್ಬರಿಗೆ ಖುಷ್ಕಾ ಮತ್ತು ದಾಲ್ಚಾ, ಇನ್ನೊಬ್ಬರಿಗೆ ಮುದ್ದೆ ಮತ್ತು ಸಾರು, ಮತ್ತೊಬ್ಬರಿಗೆ ಇಡ್ಲಿ. ಇವೆಲ್ಲವೂ ಮೆತ್ತಗಿರುತ್ತವೆ, ಬಿಸಿಯಾಗಿರುತ್ತವೆ, ಚಿಕ್ಕಂದಿನಿಂದ ಉಂಡವು. ಇಂಥ ಊಟದಲ್ಲಿ ಯಾರೂ ಹೊಸದನ್ನು ಹುಡುಕುವುದಿಲ್ಲ. ಮಾಮೂ ಹೇಳುವ ಪ್ರಕಾರ ಭಾನುವಾರ ಮಧ್ಯಾಹ್ನ ಬರುವ ಕುಟುಂಬಗಳಲ್ಲಿ ಹೆಚ್ಚಿನವರು ಮೆನು ಕಾರ್ಡನ್ನು ಮುಟ್ಟುವುದೇ ಇಲ್ಲ. ಕಾರ್ಡಿನಲ್ಲಿ ನೂರು ಐಟಂ ಇರುತ್ತವೆ, ಖರ್ಚಾಗುವುದು ಹತ್ತೋ ಹನ್ನೆರಡೋ.

ಇನ್ನು ಇತಿಹಾಸ. ಮೈಸೂರು ಹೋಟೆಲಿಗೆ ಹೊಸ ಊರಲ್ಲ. ಮುಂದೆ ಮದ್ರಾಸಿನಲ್ಲಿ ಬಹಳ ಹೆಸರು ಮಾಡಿದ ದಾಸಪ್ರಕಾಶ್ ಸಂಸ್ಥೆಯನ್ನು ಕೆ. ಸೀತಾರಾಮ ರಾವ್ ಅವರು 1921ರಲ್ಲಿ ಆರಂಭಿಸಿದ್ದು ಮೈಸೂರಿನಲ್ಲಿಯೇ. ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವ್ ಮತ್ತು ನಜರಬಾದಿನ ಮೈಲಾರಿಯ ಬೆಣ್ಣೆ ದೋಸೆ, ಎರಡೂ 1930ರ ದಶಕದಿಂದ ಬಂದವು. ನಮ್ಮ ಮುತ್ತಜ್ಜನ ಕಾಲದ ಜನ ತಿಂದ ತಟ್ಟೆಯನ್ನೇ ಇವತ್ತು ನಾವೂ ಕೇಳುತ್ತೇವೆ. ಮಾಂಸದೂಟದ ಹೋಟೆಲಿಗೆ ಈ ಭಾಗದಲ್ಲಿ ‘ಮಿಲಿಟರಿ ಹೋಟೆಲ್’ ಎಂಬ ಹೆಸರಿದೆ. ಸೈನಿಕರ ಊಟದ ಜೊತೆ ಅದನ್ನು ಜೋಡಿಸಿ ಹೇಳುವ ಕಥೆಗಳು ಹಲವು. ಅವು ಇಲ್ಲಿ ಬೇಡ.

ಆದರೆ ಆ ಕಾಲದ ಹೋಟೆಲುಗಳಲ್ಲಿ ಕೂತು ಉಣ್ಣುತ್ತಿದ್ದವರು ಯಾರು ಎಂಬುದು ಮುಖ್ಯ. ಊರು ಬಿಟ್ಟು ಓದಲು ಬಂದ ಹುಡುಗರು, ಕಚೇರಿ ಗುಮಾಸ್ತರು, ಕೋರ್ಟು ಕೆಲಸಕ್ಕೆ ಬಂದವರು, ವ್ಯಾಪಾರಿಗಳು. ಬಹುಪಾಲು ಗಂಡಸರೇ. ಗಂಡಸರಲ್ಲೂ ಎಲ್ಲರಿಗೂ ಒಂದೇ ಬೆಂಚು ಇರಲಿಲ್ಲ. ಹಳೆಯ ಮೈಸೂರು ಸಂಸ್ಥಾನದ ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು. ಎಷ್ಟೋ ಕಡೆ ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ, ಇದ್ದರೂ ಲೋಟ ಬೇರೆ.

ನಮ್ಮ ಸಂವಿಧಾನ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೂಲಭೂತ ಹಕ್ಕುಗಳ ಭಾಗವನ್ನು ಪರೀಕ್ಷೆಗಾಗಿ ಓದುವ ನಾವು 15ನೇ ವಿಧಿಯನ್ನು ‘ತಾರತಮ್ಯ ನಿಷೇಧ’ ಎಂದು ಬರೆದು ಮುಂದೆ ಹೋಗುತ್ತೇವೆ. ಅದರ 2ನೇ ಉಪವಿಧಿಯನ್ನು ಪೂರ್ತಿ ಓದಿದರೆ ಅಂಗಡಿ, ಸಾರ್ವಜನಿಕ ರೆಸ್ಟೋರೆಂಟ್, ಹೋಟೆಲ್ ಎಂಬ ಪದಗಳು ನೇರವಾಗಿ ಕಾಣುತ್ತವೆ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಮಾತ್ರ ಯಾವ ಪ್ರಜೆಯನ್ನೂ ಅಲ್ಲಿಂದ ತಡೆಯುವಂತಿಲ್ಲ. ಒಂದು ದೇಶದ ಸಂವಿಧಾನದಲ್ಲಿ ಹೋಟೆಲಿಗೂ ಜಾಗ ಕೊಡಬೇಕಾಯಿತು ಎಂದರೆ ಕಾಫಿ ಕುಡಿಯುವ ಬೆಂಚು ಎಷ್ಟು ದೊಡ್ಡ ವಿಷಯವಾಗಿತ್ತು ಎಂದು ಊಹಿಸಿ. 1955ರಲ್ಲಿ ಬಂದ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ (ಈಗ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೋಟೆಲಿನ ಪಾತ್ರೆಗಳನ್ನು ಬಳಸದಂತೆ ತಡೆಯುವುದನ್ನೂ ಅಪರಾಧವೆಂದಿತು.

15ನೇ ವಿಧಿಯ ಆ ಪಟ್ಟಿಯಲ್ಲಿ ‘ಲಿಂಗ’ವೂ ಇದೆ ಎಂಬುದನ್ನು ಗಮನಿಸಿ. ಹೆಣ್ಣುಮಕ್ಕಳನ್ನು ಯಾರೂ ಬಾಗಿಲಲ್ಲಿ ನಿಂತು ತಡೆಯುತ್ತಿರಲಿಲ್ಲ, ತಡೆಯುವ ಅಗತ್ಯವೂ ಇರಲಿಲ್ಲ. ಒಳಗೆ ತುಂಬ ಗಂಡಸರು, ಬೀಡಿ ಹೊಗೆ, ನಾಲ್ಕು ಜನ ತಿರುಗಿ ನೋಡುವ ನೋಟ. ಅಷ್ಟೇ ಸಾಕಾಗಿತ್ತು. ಫ್ಯಾಮಿಲಿ ರೂಮ್ ಹುಟ್ಟಿದ್ದು ಇದಕ್ಕೆ ಪರಿಹಾರವಾಗಿ. ಒಂದು ಪ್ಲೈವುಡ್ ಗೋಡೆ, ಒಂದು ಪರದೆ, ಒಳಗೆ ನಾಲ್ಕು ಮೇಜು.

ಪರದೆಯ ಬಗ್ಗೆ ನಮ್ಮ ತರಗತಿಯಲ್ಲೇ ಎರಡು ಅಭಿಪ್ರಾಯವಿದೆ. ನಿಖಾಬ್ ಹಾಕುವ ನನ್ನ ಗೆಳತಿಗೆ ಪರದೆ ಬೇಕು. ಮುಖದ ಬಟ್ಟೆ ಎತ್ತಿ ನೆಮ್ಮದಿಯಾಗಿ ತಿನ್ನಲು ಅವಳಿಗೆ ಇರುವ ಜಾಗ ಅದೊಂದೇ. ಮಗುವಿಗೆ ಹಾಲುಣಿಸುವ ತಾಯಂದಿರಿಗೂ ಅಷ್ಟೇ, ಅವರು ಯಾವ ಧರ್ಮದವರಾದರೂ. ಇನ್ನೊಬ್ಬ ಗೆಳತಿ ಹೇಳುತ್ತಾಳೆ: “ಕಿಟಕಿ ಪಕ್ಕದ ಮೇಜು ಯಾವಾಗಲೂ ಹುಡುಗರಿಗೆ, ನಮಗೆ ಫ್ಯಾನ್ ತಿರುಗದ ಗೂಡು.” ಇಬ್ಬರೂ ಹೇಳುವುದು ಸರಿ. ನನ್ನ ಮಟ್ಟಿಗೆ, ಪರದೆ ಎಳೆಯುವುದೂ ಸರಿಸುವುದೂ ಒಳಗೆ ಕೂತವರ ಕೈಯಲ್ಲಿದ್ದರೆ ಅದು ಸೌಕರ್ಯ. ಗಲ್ಲಾದಲ್ಲಿ ಕೂತವರು ನಮ್ಮನ್ನು ನೋಡಿದ ಕೂಡಲೇ “ಮೇಲೆ ಹೋಗಿ” ಎಂದು ಬೆರಳು ತೋರಿಸಿದರೆ ಅದು ಸೌಕರ್ಯವಲ್ಲ. ಕಳೆದ ವರ್ಷ ಒಂದು ಹೋಟೆಲಿನಲ್ಲಿ ಯೂನಿಫಾರ್ಮಿನಲ್ಲಿದ್ದ ನಾವು ನಾಲ್ವರು ಹುಡುಗಿಯರಿಗೆ “ಜೊತೆಗೆ ಯಾರೂ ದೊಡ್ಡವರು ಇಲ್ವಾ, ಇದು ಫ್ಯಾಮಿಲಿಗೆ” ಎಂದರು. ಕೆಳಗೆ ಕೂರಲು ಹೋದರೆ “ಇಲ್ಲಿ ಲೇಡೀಸ್ ಕೂರಲ್ಲ” ಎಂದರು. ಹೀಗೆ ಫ್ಯಾಮಿಲಿಯೂ ಅಲ್ಲದೆ ಗಿರಾಕಿಯೂ ಅಲ್ಲದೆ ನಾವು ಹೊರಗೆ ಬಂದು ಕಡಲೆಕಾಯಿ ತಿಂದೆವು. ಅಂದಹಾಗೆ ಹುಡುಗರಿಗೂ ಈ ಬೋರ್ಡಿನಿಂದ ತೊಂದರೆಯಿದೆ. ಖಾಲಿ ಮೇಜುಗಳಿದ್ದರೂ ಅವರು ಫ್ಯಾಮಿಲಿ ರೂಮಿನ ಹೊರಗೆ ನಿಂತು ಕಾಯಬೇಕು.

ಈಗ ಅಡುಗೆಯ ವಿಷಯಕ್ಕೆ ಬರುತ್ತೇನೆ. ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಇದೆ.

ನಮ್ಮ ಅಮ್ಮಿ ಬಹಳ ಒಳ್ಳೆಯ ಬಿರಿಯಾನಿ ಮಾಡುತ್ತಾರೆ. ಈದ್ ದಿನ ಮೂವತ್ತು ಜನರಿಗೆ ಒಬ್ಬರೇ ಮಾಡಿದ್ದಾರೆ. ಅಬ್ಬಾ ಅವರಿಗೆ ಬೋನಸ್ ಬಂದಾಗ ಎಲ್ಲರೂ ಹೋಟೆಲಿಗೆ ಹೋಗೋಣ ಎಂದಾಯಿತು. ನಾವು ಮಕ್ಕಳು ಬಿರಿಯಾನಿ ಹೋಟೆಲ್ ಎಂದೆವು. ಅಮ್ಮಿ ದೋಸೆ ಎಂದರು. ಎಲ್ಲರಿಗೂ ಆಶ್ಚರ್ಯ. ದೋಸೆಯೇನು, ವಾರಕ್ಕೆರಡು ಬಾರಿ ಮನೆಯಲ್ಲಿ ಆಗುತ್ತದೆ. ಅಮ್ಮಿ ಕಾರಣ ಹೇಳಲಿಲ್ಲ. ಹೋಟೆಲಿನಲ್ಲಿ ಮೊದಲ ದೋಸೆ ಬಂದಾಗ ಅಭ್ಯಾಸದಂತೆ ತಟ್ಟೆಯನ್ನು ತಮ್ಮನ ಕಡೆ ತಳ್ಳಿದರು. ಸಪ್ಲೈಯರ್ ಅಣ್ಣ “ಎಲ್ಲರಿಗೂ ಬರ್ತಾ ಇದೆ ಅಮ್ಮಾ, ನೀವು ತಿನ್ನಿ” ಎಂದು ತಟ್ಟೆಯನ್ನು ವಾಪಸ್ ಅವರ ಮುಂದಿಟ್ಟರು. ಅಮ್ಮಿ ತಿಂದರು. ಆಗ ನನಗೆ ಕಾರಣ ಹೊಳೆಯಿತು. ಮನೆಯಲ್ಲಿ ಬಿರಿಯಾನಿ ಮಾಡಿದ ದಿನ ಅಮ್ಮಿಗೂ ಬಿಸಿ ಬಿರಿಯಾನಿ ಸಿಗುತ್ತದೆ. ದಮ್ ಇಳಿಸಿದ ಮೇಲೆ ಅರ್ಧ ಗಂಟೆಯಾದರೂ ಹಂಡೆಯಲ್ಲಿ ಅದು ಬಿಸಿಯಾಗಿಯೇ ಇರುತ್ತದೆ, ಬಡಿಸಿ ತಾವೂ ಕೂರಬಹುದು. ದೋಸೆ ಹಾಗಲ್ಲ. ಒಂದೊಂದೇ ಹಾಕಬೇಕು, ಹಾಕಿದ್ದನ್ನು ಆಗಲೇ ತಿನ್ನಬೇಕು. ಐದು ಜನರಿಗೆ ತಲಾ ಮೂರು ಎಂದರೆ ಹದಿನೈದು ದೋಸೆ. ಒಂದಕ್ಕೆ ಎರಡೂವರೆ ನಿಮಿಷ ಹಿಡಿದರೂ ಸುಮಾರು ನಲವತ್ತು ನಿಮಿಷ ಒಲೆಯ ಮುಂದೆ ನಿಲ್ಲಬೇಕು. ಕೊನೆಗೆ ಹಾಕುವವರು ಒಬ್ಬರೇ ಉಳಿಯುತ್ತಾರೆ, ಚಟ್ನಿ ತಳದಲ್ಲಿರುತ್ತದೆ, ಹಿಟ್ಟು ಸಾಲದಿದ್ದರೆ ಚಿತ್ರಾನ್ನ.

ಇದನ್ನು ತಿಳಿದು ನೋಡಿದರೆ ಹೋಟೆಲುಗಳಲ್ಲಿ ಯಾವುದು ಹೆಚ್ಚು ಖರ್ಚಾಗುತ್ತದೆ ಎಂಬುದೂ ಅರ್ಥವಾಗುತ್ತದೆ. ದೋಸೆ, ಪೂರಿ, ಪರೋಟ, ಬಜ್ಜಿ, ರುಮಾಲಿ ರೊಟ್ಟಿ. ಮಾಡುವವರು ಎಲ್ಲರ ಜೊತೆ ಕೂತು ತಿನ್ನಲಾಗದ ತಿಂಡಿಗಳೇ ಇವೆಲ್ಲ. ರುಚಿಯ ಕಾರಣವೂ ಇದೆ, ಇಲ್ಲವೆನ್ನುವುದಿಲ್ಲ. ಹೋಟೆಲಿನ ಕಾವಲಿ ದಪ್ಪ ಕಬ್ಬಿಣದ್ದು, ಅಗಲವಾದದ್ದು, ಒಂದೇ ಸಲಕ್ಕೆ ಎಂಟು ಹತ್ತು ದೋಸೆ ಹಿಡಿಯುತ್ತದೆ. ದಪ್ಪವಿರುವುದರಿಂದ ತಣ್ಣಗಿನ ಹಿಟ್ಟು ಬಿದ್ದರೂ ಶಾಖ ಥಟ್ಟನೆ ಇಳಿಯುವುದಿಲ್ಲ. ಹಿಟ್ಟು ಸುರಿಯುವ ಮೊದಲು ನೀರು ಚಿಮುಕಿಸಿ ಪೊರಕೆಯಿಂದ ಒರೆಸುವುದು ಸ್ವಚ್ಛತೆಗೆ ಮಾತ್ರವಲ್ಲ, ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಳ್ಳುತ್ತದೆ, ಅದನ್ನು ತಡೆಯಲು. ಅಕ್ಕಿ ಮತ್ತು ಉದ್ದಿನ ಹಿಟ್ಟಿನಲ್ಲಿ ರಾತ್ರಿಯಿಡೀ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕೆಲಸ ಮಾಡಿ ಗಾಳಿಗುಳ್ಳೆಗಳನ್ನೂ ತಿಳಿಹುಳಿಯನ್ನೂ ತಂದಿರುತ್ತವೆ. ಆ ಗುಳ್ಳೆಗಳು ಉಳಿದರೆ ಮೈಲಾರಿಯ ದೋಸೆಯಂತೆ ಮೆತ್ತಗೆ. ಹಿಟ್ಟನ್ನು ತೆಳ್ಳಗೆ ಎಳೆದು ಒಣಗಿಸಿದರೆ ಗರಿಗರಿ. ಮೈಲಾರಿ ದೋಸೆಗೆ ಒಳಗೆ ಆಲೂಗಡ್ಡೆ ಪಲ್ಯದ ಬದಲು ಸಾಗು ಇಡುತ್ತಾರೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಬೆಣ್ಣೆ ಕರಗುವಷ್ಟರಲ್ಲಿ ತಿನ್ನಬೇಕಾದ ತಿಂಡಿ ಅದು.

ಬಿರಿಯಾನಿ, ಪಲಾವ್ ವ್ಯವಹಾರ ಬೇರೆ. ಪಲಾವಿನಲ್ಲಿ ಮಾಂಸ ಬೆಂದ ಮಸಾಲೆ ನೀರಿನಲ್ಲೇ ಅಕ್ಕಿಯೂ ಬೇಯುತ್ತದೆ. ಬಿರಿಯಾನಿಯಲ್ಲಿ ಅಕ್ಕಿಯನ್ನು ಮುಕ್ಕಾಲು ಬೇಯಿಸಿ, ಬಸಿದು, ಕೋರ್ಮಾದ ಮೇಲೆ ಹರಡಿ ದಮ್ ಕೊಡುತ್ತಾರೆ. ಎರಡನ್ನೂ ಒಂದೊಂದು ಪ್ಲೇಟಿಗೆ ಮಾಡಲಾಗುವುದಿಲ್ಲ, ದೇಗಿನಲ್ಲೇ ಆಗಬೇಕು. ಹಾಗಾಗಿ ಆರ್ಡರ್ ಕೊಟ್ಟ ಎರಡು ನಿಮಿಷಕ್ಕೆ ಪ್ಲೇಟ್ ಬಂದರೆ ಅನುಮಾನ ಬೇಡ, ಬರಬೇಕಾದ್ದೇ ಹಾಗೆ. ಗಮನಿಸಬೇಕಾದದ್ದು ಬಿಸಿಯನ್ನು. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಬೆಳೆಯುವುದಿಲ್ಲ. ಜನ ತುಂಬಿದ ಹೋಟೆಲಿನಲ್ಲಿ ದೇಗು ಬೇಗ ಖಾಲಿಯಾಗುತ್ತದೆ, ಹೊಸದು ಇಳಿಯುತ್ತದೆ. ಗದ್ದಲವಿರುವ ಹೋಟೆಲಿನ ಪರವಾಗಿ ನಾನು ಹೇಳಬಲ್ಲ ಮುಖ್ಯ ಮಾತು ಇದು. ಮಧ್ಯಾಹ್ನ ಮೂರೂವರೆಗೆ ಖಾಲಿ ಹೋಟೆಲಿಗೆ ಹೋದರೆ ಬಿಸಿ ಕಾವಲಿಯಿಂದ ಇಳಿಯುವ ತಿಂಡಿಯನ್ನು ಕೇಳಿ, ದೇಗಿನದು ಬೇಡ.

ಮನೆಯಲ್ಲಿ ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಎಂಬುದಕ್ಕೆ ಸರ್ಕಾರದ ಲೆಕ್ಕವೇ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ಕೊಡುತ್ತಿದ್ದದ್ದು ದಿನಕ್ಕೆ ಸರಾಸರಿ 299 ನಿಮಿಷ. ಅದೇ ಕೆಲಸದಲ್ಲಿ ತೊಡಗಿದ ಗಂಡಸರು 97 ನಿಮಿಷ. 299 ನಿಮಿಷ ಎಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ, ವಾರದ ರಜೆ ಇಲ್ಲದೆ. ರಮಝಾನ್ ತಿಂಗಳಲ್ಲಿ ಸಹರಿಗೆ ಮನೆಯಲ್ಲಿ ಮೊದಲು ಎದ್ದವರು ಯಾರು, ಇಫ್ತಾರ್ ಹೊತ್ತಿಗೆ ಎಣ್ಣೆ ಬಾಣಲೆಯ ಮುಂದೆ ನಿಂತವರು ಯಾರು ಎಂದು ನಿಮ್ಮ ನಿಮ್ಮ ಮನೆಯಲ್ಲಿ ನೋಡಿದರೆ ಸಮೀಕ್ಷೆ ಬೇಕಾಗಿಲ್ಲ. ಹೋಟೆಲಿನಲ್ಲಿ ಒಂದು ಗಂಟೆ ಕೂತರೆ ಈ ಲೆಕ್ಕವೇನೂ ಸರಿಹೋಗುವುದಿಲ್ಲ. ಆದರೆ ಆ ಒಂದು ಗಂಟೆ ಅವರು ಕೂತಿರುತ್ತಾರೆ.

ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು ನಮ್ಮಂಥ ಮನೆಗಳಲ್ಲಿ ದೊಡ್ಡ ಪ್ರಶ್ನೆ. ಬಿಲ್ಲು ಓದಲು ಬಂದರೆ ಅರ್ಧ ಭಯ ಹೋಗುತ್ತದೆ.

ಊಟದ ಬೆಲೆ 840 ರೂಪಾಯಿ ಆಯಿತು ಎಂದುಕೊಳ್ಳಿ. ಸಾಮಾನ್ಯ ರೆಸ್ಟೋರೆಂಟಿಗೆ ಜಿಎಸ್‌ಟಿ ಶೇ. 5. ಬಿಲ್ಲಿನಲ್ಲಿ ಅದು ಸಿಜಿಎಸ್‌ಟಿ ಶೇ. 2.5 ಎಂದು 21 ರೂಪಾಯಿ, ಎಸ್‌ಜಿಎಸ್‌ಟಿ ಶೇ. 2.5 ಎಂದು 21 ರೂಪಾಯಿ ಎಂದು ಎರಡು ಸಾಲಾಗಿ ಕಾಣುತ್ತದೆ. ಒಟ್ಟು 882. ಎಸಿ ಇದೆಯೋ ಇಲ್ಲವೋ ಎಂಬುದರ ಮೇಲೆ ಬೇರೆ ಬೇರೆ ದರವಿದ್ದದ್ದು 2017ರ ನವೆಂಬರ್ 15ಕ್ಕೆ ಮುಗಿಯಿತು. ಹಾಗಾಗಿ “ಎಸಿ ರೂಮಿಗೆ ತೆರಿಗೆ ಜಾಸ್ತಿ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಸಿ ರೂಮಿನ ಮೆನುವಿನಲ್ಲಿ ಬೆಲೆಯೇ ಹೆಚ್ಚಿರಬಹುದು, ಅದು ಮಾಲೀಕರ ಇಷ್ಟ. ತೆರಿಗೆಯ ದರ ಮಾತ್ರ ಅದೇ.

ಸಣ್ಣ ಹೋಟೆಲುಗಳ ವಿಷಯ ಬೇರೆ, ವಾಣಿಜ್ಯ ವಿಭಾಗದವರು ಇದನ್ನು ತಿಳಿದಿರಬೇಕು. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿರುವ ರೆಸ್ಟೋರೆಂಟ್ ‘ಕಾಂಪೊಸಿಷನ್’ ಯೋಜನೆಗೆ ಸೇರಬಹುದು. ಅವರೂ ತಮ್ಮ ವಹಿವಾಟಿನ ಮೇಲೆ ಶೇ. 5 ಕಟ್ಟುತ್ತಾರೆ, ಆದರೆ ಸ್ವಂತ ಜೇಬಿನಿಂದ. ಗಿರಾಕಿಯ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ಸೇರಿಸುವಂತಿಲ್ಲ. ತಾವು ಕಾಂಪೊಸಿಷನ್ ತೆರಿಗೆದಾರರು, ತೆರಿಗೆ ವಸೂಲಿ ಮಾಡಲು ಅರ್ಹರಲ್ಲ ಎಂಬ ಸಾಲನ್ನು ಬಿಲ್ಲಿನ ಮೇಲೆ ಮುದ್ರಿಸಬೇಕು. ಜಿಎಸ್‌ಟಿ ಹಾಕಿದ್ದಾರೆ ಎಂದಾದರೆ ಬಿಲ್ಲಿನ ಮೇಲೆ 15 ಅಕ್ಷರ–ಅಂಕಿಗಳ ನೋಂದಣಿ ಸಂಖ್ಯೆ ಇರಲೇಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ.

ಇನ್ನೊಂದು ಸಂಖ್ಯೆ ಆಹಾರ ಸುರಕ್ಷತಾ ಪ್ರಾಧಿಕಾರದ್ದು, 14 ಅಂಕಿಗಳು. ಮೊದಲ ಅಂಕಿ 1 ಎಂದಿದ್ದರೆ ಪರವಾನಗಿ, 2 ಎಂದಿದ್ದರೆ ಸಣ್ಣ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ಮುಂದಿನ ಎರಡು, ಸಂಖ್ಯೆ ಕೊಟ್ಟ ವರ್ಷ. ಅಂದರೆ ಬಿಲ್ಲು ಬರುವವರೆಗೆ ಕಾಯುತ್ತಾ ಗೋಡೆಯ ಮೇಲಿನ ಆ ಸಂಖ್ಯೆ ಓದಿದರೆ ಹೋಟೆಲ್ ಯಾವ ವರ್ಷ ಪರವಾನಗಿ ಪಡೆಯಿತು ಎಂದು ಗೊತ್ತಾಗುತ್ತದೆ. ನನ್ನ ತಮ್ಮನಿಗೆ ಇದು ಈಗ ಆಟವಾಗಿದೆ.

ಸರ್ವಿಸ್ ಚಾರ್ಜ್ ಎಂಬುದು ತೆರಿಗೆಯಲ್ಲ, ಹೋಟೆಲಿನವರೇ ಸೇರಿಸುವ ಹಣ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬಲವಂತ ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ನಾವು ಹೋಗುವಂಥ ಹೋಟೆಲುಗಳಲ್ಲಿ ಇದು ಅಪರೂಪ, ದೊಡ್ಡ ಮಾಲ್‌ಗಳಲ್ಲಿ ನೋಡಿಕೊಳ್ಳಿ. ತಗಾದೆ ಬಂದರೆ ಗ್ರಾಹಕ ಸಹಾಯವಾಣಿ 1915.

ಹಾಗಾದರೆ 840 ರೂಪಾಯಿ ಎಲ್ಲಿ ಹೋಗುತ್ತದೆ? ಮಾಮೂ ಹೇಳುವ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು ಅಕ್ಕಿ, ಎಣ್ಣೆ, ಮಾಂಸ, ತರಕಾರಿ. ಹೋಟೆಲ್ ಉದ್ಯಮದಲ್ಲಿ ಎಲ್ಲ ಕಡೆ ಬಳಸುವ ಅಂದಾಜೂ ಅದರ ಆಸುಪಾಸಿನಲ್ಲೇ ಇದೆ. ಉಳಿದದ್ದು ಸಂಬಳ, ಬಾಡಿಗೆ, ಗ್ಯಾಸ್, ಕರೆಂಟು, ಒಡೆದ ಲೋಟ. ಮನೆಯ ಸಿಲಿಂಡರ್ 14.2 ಕೆ.ಜಿ., ಅದಕ್ಕೆ ಜಿಎಸ್‌ಟಿ ಶೇ. 5. ಹೋಟೆಲಿನದು 19 ಕೆ.ಜಿ., ಅದಕ್ಕೆ ಶೇ. 18. ಮೇಲಾಗಿ ಶೇ. 5ರ ದರದಲ್ಲಿ ತೆರಿಗೆ ವಸೂಲಿ ಮಾಡುವ ರೆಸ್ಟೋರೆಂಟಿಗೆ ತಾನು ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಇಲ್ಲ. ಮನೆಯ ಖರ್ಚಿಗೂ ಹೋಟೆಲಿನ ಬೆಲೆಗೂ ಇರುವ ಅಂತರದಲ್ಲಿ ಇದೂ ಒಂದು ತುಣುಕು. ಬಹುದೊಡ್ಡ ತುಣುಕು ಮಾತ್ರ ಕೆಲಸಗಾರರ ಸಂಬಳ. ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಕುರ್ಚಿಗೂ ಬೆಲೆ ಇದೆ. ಹತ್ತು ಮೇಜಿನ ಹೋಟೆಲ್ ಎಂದುಕೊಳ್ಳಿ, ಭಾನುವಾರ ಮಧ್ಯಾಹ್ನ ಮೂರು ಗಂಟೆ ವ್ಯಾಪಾರ. ಒಬ್ಬೊಬ್ಬರೇ ಬಂದು ಇಪ್ಪತ್ತು ನಿಮಿಷದಲ್ಲಿ ತಿಂದು ಎದ್ದರೆ ಒಂದು ಮೇಜಿಗೆ ಒಂಬತ್ತು ಸರದಿ. ಕುಟುಂಬ ಒಂದು ಗಂಟೆ ಕೂತರೆ ಮೂರೇ ಸರದಿ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಶುರುವಾದ ದರ್ಶಿನಿಗಳು ಈ ಲೆಕ್ಕ ಹಾಕಿಯೇ ಕುರ್ಚಿಯನ್ನು ತೆಗೆದುಬಿಟ್ಟವು. ನಿಂತು ತಿನ್ನಿ, ಕಡಿಮೆ ಕೊಡಿ. ಜೇಬಿಗೆ ಒಳ್ಳೆಯದು, ಅವಸರದವರಿಗೆ ಒಳ್ಳೆಯದು. ಆದರೆ ಮಗು ಎತ್ತಿಕೊಂಡವರಿಗೆ, ಮಂಡಿ ನೋವಿರುವವರಿಗೆ, ಬುರ್ಖಾ ಸರಿಪಡಿಸಿಕೊಳ್ಳುತ್ತಾ ಸಾಂಬಾರ್ ಬಟ್ಟಲು ಹಿಡಿಯಬೇಕಾದವರಿಗೆ ಅದು ಊಟವಲ್ಲ, ಕಸರತ್ತು. ಫ್ಯಾಮಿಲಿ ಹೋಟೆಲ್ ಹತ್ತು ಇಪ್ಪತ್ತು ರೂಪಾಯಿ ಹೆಚ್ಚು ತೆಗೆದುಕೊಳ್ಳುವುದು ಕುರ್ಚಿಯ ಬಾಡಿಗೆ ಎಂದು ತಿಳಿಯಬಹುದು. ಹಾಗಾಗಿ ಸಪ್ಲೈಯರ್ “ಇನ್ನೇನು ಬೇಕು?” ಎಂದು ಎರಡನೇ ಸಲ ಕೇಳಿದಾಗ ಮುಖ ಸಿಂಡರಿಸಬೇಡಿ. ಹೊರಗೆ ಇನ್ನೊಂದು ಕುಟುಂಬ ನಿಂತಿರುತ್ತದೆ.

ನಾವು ಕೂತಿರುವಾಗ ನಿಂತಿರುವವರೂ ಇದ್ದಾರೆ. ಸಪ್ಲೈಯರ್, ಕ್ಲೀನರ್, ಒಳಗೆ ಕಾವಲಿಯ ಮುಂದಿರುವವರು. ಮಾಮೂ ಬೆಳಿಗ್ಗೆ ಐದಕ್ಕೆ ಹೋಗಿ ಮಧ್ಯಾಹ್ನ ಎಲ್ಲರೂ ಉಂಡ ಮೇಲೆ ನಾಲ್ಕಕ್ಕೆ ಉಣ್ಣುತ್ತಾರೆ, ಅದೂ ನಿಂತೇ. ಅಮ್ಮಿ ಮನೆಯಲ್ಲಿ ಮಾಡುವುದನ್ನು ಅವರ ಅಣ್ಣ ಹೋಟೆಲಿನಲ್ಲಿ ಮಾಡುತ್ತಾರೆ. ವ್ಯತ್ಯಾಸ ಸಂಬಳವೊಂದೇ, ಮತ್ತು ವಾರಕ್ಕೊಂದು ರಜೆ. ಮೇಜು ಒರೆಸುವ ಹುಡುಗ ನಮ್ಮ ತಮ್ಮನ ವಯಸ್ಸಿನವನಂತೆ ಕಂಡರೆ ಸುಮ್ಮನಿರಬೇಡಿ. ಹೋಟೆಲ್ ಮತ್ತು ಢಾಬಾಗಳಲ್ಲಿ 14 ವರ್ಷದೊಳಗಿನವರನ್ನು ಕೆಲಸಕ್ಕಿಡುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. ಮಕ್ಕಳ ಸಹಾಯವಾಣಿ 1098, ಕರೆ ಮಾಡುವವರು ಹೆಸರು ಹೇಳಲೇಬೇಕೆಂದಿಲ್ಲ. ಟಿಪ್ಸ್ ಕೊಡುವುದಿದ್ದರೆ ಬಿಲ್ಲಿನ ಫೋಲ್ಡರಿನಲ್ಲಿ ಇಡುವ ಬದಲು ಬಡಿಸಿದವರ ಕೈಗೇ ಕೊಡಿ ಎನ್ನುವುದು ಮಾಮೂ ಸಲಹೆ.

ಕೊನೆಯದಾಗಿ ಪಾರ್ಸೆಲ್. ತೆರಿಗೆ ಅದಕ್ಕೂ ಅದೇ ಶೇ. 5. ಮನೆಯಲ್ಲಿ ಬರಲೊಪ್ಪದವರು ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ದಾದಿ. ಅಷ್ಟು ಜನರ ಮುಂದೆ ತಿನ್ನುವುದು ಅವರಿಗೆ ಈ ವಯಸ್ಸಿನಲ್ಲಿ ಬೇಡವಂತೆ. ಅವರಿಗೆ ದೋಸೆ ಕಟ್ಟಿಸಿಕೊಂಡು ಹೋಗುವುದು ವ್ಯರ್ಥ. ಪೊಟ್ಟಣದೊಳಗೆ ಆವಿ ನಿಂತು, ರಾಜೀವನಗರ ತಲುಪುವಷ್ಟರಲ್ಲಿ ಅದು ಒದ್ದೆ ಬಟ್ಟೆಯಂತಾಗಿರುತ್ತದೆ. ಇಡ್ಲಿಗೆ ಆವಿಯಿಂದ ತೊಂದರೆಯಿಲ್ಲ, ಅದು ಆವಿಯಲ್ಲೇ ಬೆಂದದ್ದು. ಚಟ್ನಿಯನ್ನು ಬೇರೆ ಕಟ್ಟಿಸಿ. ನಮ್ಮ ದಾದಿಗೆ ನಾಲ್ಕು ಇಡ್ಲಿ ಬೇಕು ಎಂದು ಹೇಳಿ ಕಳಿಸುತ್ತಾರೆ, ಎರಡು ತಿಂದು ಎರಡನ್ನು ಅಮ್ಮಿಗೆ ತೆಗೆದಿಡುತ್ತಾರೆ.